ಅನ್ನಪೂರ್ಣ ಸರ್ಕ್ಯೂಟ್: ಗೈಡ್ ಅರ್ಧದಲ್ಲೇ ವಾಪಸ್ ಕಳಿಸಿದ, ದುಡ್ಡು ಕೇಳಬಹುದಾ?

ಅವಲಕ್ಕಿ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು.

ದಸರಾ ರಜೆಗೆ ನಾವು 5 ಜನ ನೇಪಾಳಕ್ಕೆ, ಅನ್ನಪೂರ್ಣ ಬೆಟ್ಟಸಾಲನ್ನು ಸುತ್ತುವ ಚಾರಣಕ್ಕೆ ಹೋಗಿದ್ದೆವು. ನಾನು, ನನ್ನ ಭಾವ, ಆಫೀಸಿನ ಮೂವರು. ಕಠ್ಮಂಡುವಿನ ಒಂದು ಏಜೆನ್ಸಿಯವರು ಒಬ್ಬ ಗೈಡ್, ಮೂವರು ಪೋರ್ಟರ್‌ಗಳನ್ನು ಕೊಟ್ಟಿದ್ದರು. ಬೇಸಿಶಹರ್‌ನಿಂದ ಹೊರಟು ಚಾಮೆ, ಪಿಸಾಂಗ್, ಘ್ಯಾರು, ಙಾವಲ್, ಮನಾಂಗ್. ಆಮೇಲೆ 5,416 ಮೀಟರ್ ಎತ್ತರದ ಥೊರಾಂಗ್ ಲಾ ಪಾಸ್ (ಬೆಟ್ಟಗಳ ನಡುವಿನ ಕಣಿವೆ ದಾರಿ) ದಾಟಿ ಮುಕ್ತಿನಾಥಕ್ಕೆ ಇಳಿಯುವುದು. ಇದು ಪ್ಲಾನ್.

ಮನಾಂಗ್‌ನಲ್ಲಿ ಭಾವನಿಗೆ ತಲೆನೋವು ಬಂತು, ಸ್ವಲ್ಪ ವಾಂತಿಯಾಯಿತು. ಅಷ್ಟಕ್ಕೇ ಗೈಡ್ 'ಇವರು ಮೇಲೆ ಬರುವಂತಿಲ್ಲ, ಇವತ್ತೇ ಇಳಿಯಬೇಕು' ಅಂದುಬಿಟ್ಟ. ನಾವು ಎಷ್ಟು ಕೇಳಿಕೊಂಡರೂ ಜಗ್ಗಲಿಲ್ಲ. ಭಾವ ಒಬ್ಬರೇ ಹೋಗುವಂತಿಲ್ಲ ಅಂತ ನಾನೂ ಇಳಿದೆ, ಜೊತೆಗೆ ಒಬ್ಬ ಪೋರ್ಟರ್ ಬಂದ. ಜೀಪಿನ ದುಡ್ಡು ನಮ್ಮದೇ. ಉಳಿದ ಮೂವರು ಗೈಡ್ ಜೊತೆ ಆರಾಮಾಗಿ ಪಾಸ್ ದಾಟಿ, ಮುಕ್ತಿನಾಥದಲ್ಲಿ ಫೋಟೋ ತೆಗೆಸಿಕೊಂಡು ಬಂದರು.

ತಮಾಷೆ ಏನೆಂದರೆ ಚಾಮೆಗೆ ಇಳಿದು ಒಂದು ರಾತ್ರಿ ಮಲಗಿದ್ದೇ ತಡ, ಭಾವ ಬೆಳಿಗ್ಗೆ ಎದ್ದು ಎರಡು ತಟ್ಟೆ ದಾಲ್ ಭಾತ್ ತಿಂದರು. ತಲೆನೋವು ಪತ್ತೆ ಇಲ್ಲ. ಅಂದಿನಿಂದ ಒಂದೇ ಮಾತು: 'ನನಗೆ ಏನೂ ಆಗಿರಲಿಲ್ಲ, ಅವನು ಸುಮ್ನೆ ಹೆದರಿಸಿ ಕಳಿಸಿದ, ಉಳಿದ ದಿನಗಳ ದುಡ್ಡು ವಾಪಸ್ ತಗೋ.' ಏಜೆನ್ಸಿಗೆ ನಾನೇ ಮಾತಾಡಿದ್ದರಿಂದ ಎಲ್ಲಾ ನನ್ನ ತಲೆಗೇ ಬಂದಿದೆ. ಕೇಳುವುದು ನ್ಯಾಯವಾ? ಯಾರಿಗಾದರೂ ಹೀಗೆ ದುಡ್ಡು ವಾಪಸ್ ಸಿಕ್ಕಿದ್ದು ಉಂಟಾ?

ಕರಾವಳಿ ಕಾಗೆ:
ಭಾವನ ಕೇಸು ಅಂದ್ರೆ ಕಷ್ಟ ಮಾರಾಯ್ರೆ. ಏಜೆನ್ಸಿ ದುಡ್ಡು ಕೊಟ್ಟರೂ ಅಕ್ಕ ಬಿಡುವುದಿಲ್ಲ, ಕೊಡದಿದ್ದರೂ ಬಿಡುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತಿದ್ದೇನೆ, ಮುಂದುವರಿಸಿ.

ಹಳೇ ಬೂಟು:
ಈ ದಾರಿಯಲ್ಲಿ ಎರಡು ಸಲ ನಡೆದಿದ್ದೇನೆ, ಒಂದು ರಸ್ತೆ ಬರುವ ಮೊದಲು, ಇನ್ನೊಂದು ರಸ್ತೆ ಬಂದ ಮೇಲೆ. ದುಡ್ಡಿನ ವಿಷಯ ಆಮೇಲೆ. ಮೊದಲು ಒಂದು ಲೆಕ್ಕ ಕೊಡಿ. ಯಾವ ರಾತ್ರಿ ಎಲ್ಲಿ ಮಲಗಿದಿರಿ? ಎಲ್ಲಿಯವರೆಗೆ ಜೀಪು, ಎಲ್ಲಿಂದ ನಡಿಗೆ? ಇದು ಗೊತ್ತಾಗದೆ ಗೈಡ್ ಸರಿಯೋ ತಪ್ಪೋ ಹೇಳೋಕೆ ಆಗಲ್ಲ.

ಅವಲಕ್ಕಿ:
ಬೆಳಿಗ್ಗೆ ಕಠ್ಮಂಡುವಿನಿಂದ ಬಸ್ಸು, ಮಧ್ಯಾಹ್ನ ಬೇಸಿಶಹರ್. ಆ ರಾತ್ರಿ ಅಲ್ಲೇ ಮಲಗಿದೆವು. ಮರುದಿನ ಜೀಪಿನಲ್ಲಿ ನೇರ ಚಾಮೆ. ಅಲ್ಲಿಂದ ನಡಿಗೆ. ಮೊದಲ ದಿನ ಅಪ್ಪರ್ ಪಿಸಾಂಗ್, ಎರಡನೇ ದಿನ ಘ್ಯಾರು ಹತ್ತಿ ಙಾವಲ್, ಮೂರನೇ ದಿನ ಮನಾಂಗ್. ಮಾರನೇ ದಿನ ರೆಸ್ಟ್. ರೆಸ್ಟ್ ದಿನದ ಮಧ್ಯಾಹ್ನವೇ ಈ ಗಲಾಟೆ ಆಗಿದ್ದು.

ಡಾಕ್ಟ್ರಮ್ಮ:
ನಾನು ಶಿವಮೊಗ್ಗದಲ್ಲಿ ಡಾಕ್ಟರ್, ಬೆಟ್ಟ ಹತ್ತುವುದು ಹವ್ಯಾಸ. ಅವಲಕ್ಕಿ ಅವರೇ, ನಿಮ್ಮ ಲೆಕ್ಕವನ್ನು ಎತ್ತರಕ್ಕೆ ತಿರುಗಿಸಿ ನೋಡೋಣ.

ಬೇಸಿಶಹರ್ ಸುಮಾರು 800 ಮೀಟರ್. ಚಾಮೆ ಸುಮಾರು 2,700. ಒಂದೇ ದಿನ, ಜೀಪಿನಲ್ಲಿ ಕೂತು, 1,900 ಮೀಟರ್ ಏರಿದ್ದೀರಿ. ನಮ್ಮ ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಂದ್ರೆ ಸಮುದ್ರ ದಂಡೆಯಿಂದ ಮುಳ್ಳಯ್ಯನಗಿರಿಗೆ ಏರಿದಷ್ಟು, ಅದೂ ಬೆಟ್ಟ ಶುರುವಾಗುವ ಮೊದಲೇ. ಮಾರನೇ ರಾತ್ರಿ ಪಿಸಾಂಗ್, 3,300. ಅದರ ಮಾರನೇ ರಾತ್ರಿ ಙಾವಲ್, ಸುಮಾರು 3,660. ಮೂರು ದಿನಗಳ ಹಿಂದೆ ಬಾಳೆತೋಟದ ಪಕ್ಕ ಮಲಗಿದ್ದ ದೇಹ ಇದು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ಇದು ಎಲ್ಲರೂ ಹೇಳುವ ನಿಯಮ. ಕಾಗದದ ಮೇಲೆ ನೀವು ಅದನ್ನು ದೊಡ್ಡದಾಗಿ ಮುರಿದಿಲ್ಲ. ಆದರೆ ಕೆಳಗಿನ ಹಳ್ಳಿಗಳಲ್ಲಿ ನಡೆದು ಬರಬೇಕಿದ್ದ ದಿನಗಳನ್ನು ಹಾರಿಸಿದ್ದೀರಿ. ಹಾಗೆ ಹಾರಿಸಿದವರಲ್ಲಿ ಕೆಲವರಿಗೆ ಏನೂ ಆಗಲ್ಲ. ಕೆಲವರಿಗೆ ಆಗುತ್ತದೆ. ಯಾರಿಗೆ ಅಂತ ಮೊದಲೇ ಹೇಳೋಕೆ ಆಗಲ್ಲ. ವಯಸ್ಸು, ಜಿಮ್, ಮ್ಯಾರಥಾನ್ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನೊಂದು. 'ಇಳಿದ ತಕ್ಷಣ ವಾಸಿಯಾಯಿತು, ಹಾಗಾಗಿ ನನಗೆ ಏನೂ ಆಗಿರಲಿಲ್ಲ' ಅನ್ನುವ ವಾದ ತಲೆಕೆಳಗು. ಇಳಿದರೆ ವಾಸಿಯಾಗುವುದೇ ಎತ್ತರದ ಕಾಯಿಲೆಯ ಗುಣ. ಭಾವನ ಎರಡು ತಟ್ಟೆ ದಾಲ್ ಭಾತ್ ಗೈಡ್ ಪರವಾದ ಸಾಕ್ಷಿ.

ಮೂರನೇ ಪಾಳಿ:
ನಾನು ಒಪ್ಪಲ್ಲ. ಗೈಡ್ ಹೇಳಿದ್ದೆಲ್ಲ ವೇದವಾಕ್ಯ ಅಂತ ಯಾಕೆ ನಂಬಬೇಕು? ನೇಪಾಳದಲ್ಲಿ ಹೆಲಿಕಾಪ್ಟರ್ ದಂಧೆ ನಡೆದಿದ್ದು ಮರೆತುಹೋಯ್ತಾ? ಸಣ್ಣ ತಲೆನೋವಿಗೂ ಹೆದರಿಸಿ ಹೆಲಿಕಾಪ್ಟರ್ ಹತ್ತಿಸುವುದು, ಇನ್ಶೂರೆನ್ಸ್ ಬಿಲ್ ಹಂಚಿಕೊಳ್ಳುವುದು. 2018 ರಲ್ಲಿ ಅಲ್ಲಿನ ಸರ್ಕಾರವೇ ತನಿಖೆ ಮಾಡಿಸಿತು. ನಾನು ಗೈಡ್ ಇಲ್ಲದೆ ಒಬ್ಬನೇ ಓಡಾಡಿದವನು. ಮ್ಯಾಪ್ ಇದೆ, ದಾರಿ ಎದ್ದು ಕಾಣುತ್ತೆ, ಎರಡು ಗಂಟೆಗೊಂದು ಟೀ ಹೌಸ್ ಇದೆ. ಗೈಡ್ ಯಾತಕ್ಕೆ?

ಹಳೇ ಬೂಟು:
ದಂಧೆ ನಡೆದಿದ್ದು ನಿಜ. ಹೆಲಿಕಾಪ್ಟರ್ ಅಂದ ತಕ್ಷಣ ನೂರು ಪ್ರಶ್ನೆ ಕೇಳಿ, ನನ್ನ ತಕರಾರಿಲ್ಲ. ಆದರೆ ಇಲ್ಲಿ ಗೈಡ್ ಕಳಿಸಿದ್ದು ಜೀಪಿನಲ್ಲಿ. ಜೊತೆಗೆ ತನ್ನ ಮೂವರು ಪೋರ್ಟರ್‌ಗಳಲ್ಲಿ ಒಬ್ಬನನ್ನು ಬಿಟ್ಟುಕೊಟ್ಟು, ಉಳಿದ ಸಾಮಾನನ್ನು ಇಬ್ಬರ ಮೇಲೆ ಹೊಂದಿಸಿಕೊಂಡು ಪಾಸ್ ದಾಟಿಸಿದ್ದಾನೆ. ಇದರಲ್ಲಿ ಅವನಿಗೆ ಸಿಕ್ಕ ಲಾಭ ಏನು? ಗಿರಾಕಿಯ ಸಿಟ್ಟು. ಬಹುಶಃ ಟಿಪ್ಸ್ ಕೂಡ ಖೋತಾ.

ಗೈಡ್ ಯಾತಕ್ಕೆ ಅಂದ್ರೆ, ದಾರಿ ತೋರಿಸೋಕೆ ಅಲ್ಲವೇ ಅಲ್ಲ. ಆ ದಾರಿ ಕುರುಡನಿಗೂ ಸಿಗುತ್ತೆ. 'ಇವತ್ತು ಬೇಡ' ಅನ್ನೋಕೆ ಒಬ್ಬ ಬೇಕು. ನಾವೇ ನಮಗೆ ಅದನ್ನು ಹೇಳಿಕೊಳ್ಳಲ್ಲ, ಯಾಕಂದ್ರೆ ರಜೆ ಮುಗಿಯುತ್ತಿರುತ್ತೆ, ವಾಪಸ್ ಟಿಕೆಟ್ ಬುಕ್ ಆಗಿರುತ್ತೆ.

2014 ರ ಅಕ್ಟೋಬರ್ 14 ನೆನಪಿದೆಯಾ? ಎರಡು ದಿನ ಮೊದಲು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಬಾಲ ಹಿಮಾಲಯಕ್ಕೆ ಹೋಗಿ ಹಿಮವಾಗಿ ಸುರಿಯಿತು. ಥೊರಾಂಗ್ ಲಾ ಮತ್ತು ಸುತ್ತಮುತ್ತ 43 ಜನ ಸತ್ತರು. ಅದು ಅಕ್ಟೋಬರ್, ಅಂದ್ರೆ 'ಸೀಸನ್', ಆಕಾಶ ತಿಳಿಯಾಗಿರುತ್ತೆ ಅಂತ ಎಲ್ಲರೂ ಹೋಗುವ ತಿಂಗಳು. ಅವತ್ತು ಸತ್ತವರಲ್ಲಿ ಗೈಡ್‌ಗಳೂ ಇದ್ದರು, ಪೋರ್ಟರ್‌ಗಳೂ ಇದ್ದರು. ಹಾಗಾಗಿ ಗೈಡ್ ಇದ್ದರೆ ಸಾಕು ಅಂತಲೂ ನಾನು ಹೇಳಲ್ಲ. ನಮ್ಮವರ ವಿಷಯಕ್ಕೇ ಬಂದರೆ 2024 ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ಕರ್ನಾಟಕದಿಂದ ಹೋದ ತಂಡದ 9 ಜನ ಹಿಮಗಾಳಿಗೆ ಸಿಕ್ಕಿ ತೀರಿಹೋದರು. ಆ ವಾರ ನನ್ನ ಮನೆಯಲ್ಲಿ ಬೂಟು ಅಟ್ಟಕ್ಕೆ ಹೋಗಿತ್ತು. ಒಂದು ವರ್ಷ ಇಳಿಸೋಕೆ ಬಿಡಲಿಲ್ಲ.

ಅಂದಹಾಗೆ ಒಬ್ಬಂಟಿಯಾಗಿ ಹೋಗುವ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಅಂತ ನೇಪಾಳ 2023 ರ ಏಪ್ರಿಲ್‌ನಿಂದ ನಿಯಮ ಮಾಡಿದೆ. ಹೋಗುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ.

ತುಳಸಿ ಕಟ್ಟೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಅಮ್ಮನಿಗೆ 67. ಮುಕ್ತಿನಾಥ ನೋಡಬೇಕು, ಗಂಡಕಿಯಲ್ಲಿ ಕೈಯಾರೆ ಸಾಲಿಗ್ರಾಮ ಹುಡುಕಬೇಕು ಅಂತ ಹತ್ತು ವರ್ಷದಿಂದ ಹೇಳುತ್ತಿದ್ದಾರೆ. ನಡೆಯುವ ಪ್ರಶ್ನೆಯೇ ಇಲ್ಲ, ಪೋಖರಾದಿಂದ ಜೀಪಿನಲ್ಲಿ ಹೋಗಬಹುದು ಅಂತ ಕೇಳಿದೆ. ಮೇಲಿನದೆಲ್ಲ ಓದಿ ಈಗ ಭಯ ಆಗ್ತಿದೆ. ಜೀಪಿನಲ್ಲಿ ಹೋದವರಿಗೂ ಹೀಗಾಗುತ್ತಾ?

ಡಾಕ್ಟ್ರಮ್ಮ:
ಜೀಪಿನಲ್ಲಿ ಹೋದವರಿಗೇ ಜಾಸ್ತಿ ಆಗುತ್ತದೆ. ಪೋಖರಾ ಸುಮಾರು 800 ಮೀಟರ್, ಮುಕ್ತಿನಾಥ 3,700 ರ ಮೇಲೆ. ಒಂದೇ ದಿನ ಹೋಗಿ ಅಲ್ಲೇ ಮಲಗಬೇಡಿ. ದಾರಿಯಲ್ಲಿ ಜೋಮ್‌ಸೋಮ್ ಅಥವಾ ಮಾರ್ಫಾದಲ್ಲಿ ರಾತ್ರಿ ಕಳೆಯಿರಿ, ಎರಡು ರಾತ್ರಿಯಾದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಮೇಲೆ ಹೋಗಿ, ದರ್ಶನ ಮಾಡಿ, ಮಧ್ಯಾಹ್ನಕ್ಕೆ ಕೆಳಗಿಳಿದುಬಿಡಿ. ಬಿಪಿ, ಶುಗರ್, ಹೃದಯದ ತೊಂದರೆ ಏನಾದರೂ ಇದ್ದರೆ ಹೊರಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಅಸೆಟಜೋಲಮೈಡ್ ಅನ್ನುವ ಮಾತ್ರೆಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ಸಲ್ಫಾ ಅಲರ್ಜಿ ಇರುವವರಿಗೆ ಅದು ಆಗದಿರಬಹುದು. ಸ್ವಂತ ಬುದ್ಧಿಯಲ್ಲಿ ಕೊಡಬೇಡಿ.

ಪೋಖರಾ ಪರದೇಶಿ:
ನಾನು ಕೆಲಸದ ಮೇಲೆ ಪೋಖರಾದಲ್ಲಿದ್ದೇನೆ. ಕನ್ನಡ ಕೇಳಿದರೆ ಕಿವಿ ನಿಮಿರುತ್ತೆ, ಅಷ್ಟು ಜನ ಊರಿನವರು ಬರುತ್ತಾರೆ. ಹೆಚ್ಚಿನವರು ಗೋರಖ್‌ಪುರದವರೆಗೆ ರೈಲು, ಸುನೌಲಿ ಗಡಿ, ಅಲ್ಲಿಂದ ಬಸ್ಸು.

ತುಳಸಿ ಕಟ್ಟೆ ಅವರಿಗೆ ಒಂದಿಷ್ಟು ಕೆಲಸದ ಮಾತು. ವಿಮಾನದಲ್ಲಿ ಕಠ್ಮಂಡುವಿಗೆ ಬರುವುದಾದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ತನ್ನಿ. ವೀಸಾ ಬೇಡ. ಆದರೆ ಬರೀ ಆಧಾರ್ ಹಿಡಿದು ಬಂದರೆ ವಿಮಾನ ಹತ್ತಿಸುವುದಿಲ್ಲ. 65 ದಾಟಿದವರಿಗೆ ವಿನಾಯಿತಿ ಇದೆ, ಆದರೂ ವೋಟರ್ ಐಡಿ ಇಟ್ಟುಕೊಂಡರೆ ವಾದ ತಪ್ಪುತ್ತೆ. 100 ರೂಪಾಯಿ ನೋಟುಗಳನ್ನೇ ಜಾಸ್ತಿ ತನ್ನಿ, ದೊಡ್ಡ ನೋಟಿಗೆ ಅಂಗಡಿಯವರು ತಕರಾರು ಮಾಡುತ್ತಾರೆ. ನಮ್ಮ 100 ಅಂದ್ರೆ ಅವರ 160.

ಜೋಮ್‌ಸೋಮ್ ವಿಮಾನ ಬೆಳಿಗ್ಗೆ ಮಾತ್ರ. ಹೊತ್ತೇರಿದ ಮೇಲೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಎದ್ದುಬಿಡುತ್ತೆ. ಆ ಗಾಳಿಯಲ್ಲಿ ಕೆಳಗೆ ನದಿಯ ಹಾಸಿನಲ್ಲಿ ಅಮ್ಮ ಸಾಲಿಗ್ರಾಮ ಹುಡುಕೋಕೆ ಆಗಲ್ಲ, ಕಣ್ಣಿಗೆಲ್ಲ ಮರಳು. ಬೆಳಗಿನ ಜಾವವೇ ಇಳಿಯಿರಿ. ಕಪ್ಪು ಉಂಡೆ ಕಲ್ಲು, ಒಳಗೆ ಚಕ್ರ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಸಮುದ್ರ ಇದ್ದಾಗಿನ ಶಂಖದಂಥ ಜೀವಿಯ ಗುರುತು ಅದು. ಅಮ್ಮನಿಗೆ ಹೇಳಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ನನ್ನ ಅಮ್ಮನಿಗೆ ಹೇಳಿದೆ. 'ಅದಕ್ಕೇ ಅಲ್ವೇನೋ ಶಂಖ ಚಕ್ರ ಅನ್ನೋದು' ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ಜೀಪು ನಿಲ್ಲುವ ರಾಣಿಪೌವಾದಿಂದ ಗುಡಿಗೆ ಸ್ವಲ್ಪ ಹತ್ತಬೇಕು, ಕುದುರೆ ಸಿಗುತ್ತೆ. ಗುಡಿಯ ಹಿಂದೆ 108 ನಲ್ಲಿಗಳಲ್ಲಿ ಮಂಜುನೀರು ಬೀಳುತ್ತೆ. ಎಲ್ಲದರ ಕೆಳಗೂ ತಲೆ ಒಡ್ಡಿ ಓಡುತ್ತಾರೆ. ಅಮ್ಮನಿಗೆ ಪ್ರೋಕ್ಷಣೆ ಸಾಕು ಅನ್ನಿ, ದಯವಿಟ್ಟು.

ತುಳಸಿ ಕಟ್ಟೆ:
ತುಂಬಾ ಉಪಕಾರವಾಯಿತು. ಪ್ರೋಕ್ಷಣೆಗೆ ಅವರು ಒಪ್ಪಲ್ಲ, ಆದರೂ ಪ್ರಯತ್ನ ಮಾಡುತ್ತೇನೆ.

ಜೋಳದ ರೊಟ್ಟಿ:
ಏನ್ರಪಾ, ಬರೀ ಜಡ್ಡಿನ ಮಾತೇ ಆತಲ್ಲ! ಆ ಹಳ್ಳಿಗಳ ಬಗ್ಗೆ ಒಂದೀಟು ಹೇಳ್ರಿ. ಊಟ ಏನು, ಜನ ಹೆಂಗ? ನಾವು ಹುಬ್ಬಳ್ಳಿಯಿಂದ ಒಂದಾರು ಜನ ಮುಂದಿನ ವರ್ಷ ಹೊರಡಬೇಕು ಅಂತ ಇದ್ದೇವೆ. ಎಲ್ಲರೂ ಸಸ್ಯಾಹಾರಿ.

ಅವಲಕ್ಕಿ:
ಅದನ್ನು ಬರೆಯೋಕೆ ನನಗೂ ಖುಷಿ. ಜಗಳದಲ್ಲಿ ಅದೇ ಮರೆತುಹೋಗಿತ್ತು.

ಸಸ್ಯಾಹಾರಿಗಳಿಗೆ ಚಿಂತೆಯೇ ಇಲ್ಲ. ದಾಲ್ ಭಾತ್ ಅಂದ್ರೆ ಅನ್ನ, ತೊವ್ವೆಯಂಥ ಬೇಳೆ, ಒಂದು ಪಲ್ಯ, ಸೊಪ್ಪು, ಉಪ್ಪಿನಕಾಯಿ. ಖಾಲಿಯಾದಂತೆ ತಂದು ಹಾಕುತ್ತಲೇ ಇರುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಬೇರೆ ಏನು ಹೇಳಿದರೂ ಮೇಲೆ ಹೋದಂತೆ ರೇಟು ಏರುತ್ತೆ, ಎಲ್ಲವೂ ಹೇಸರಗತ್ತೆಯ ಬೆನ್ನ ಮೇಲೋ ಜೀಪಿನಲ್ಲೋ ಬರಬೇಕಲ್ಲ. ರೂಮು ತೀರಾ ಅಗ್ಗ, ಆದರೆ ಮಲಗಿದ ಮನೆಯಲ್ಲೇ ಉಣ್ಣಬೇಕು. ಹೊರಗೆ ಉಂಡು ಬಂದರೆ ಮುಖ ಗಂಟಾಗುತ್ತೆ. ಚಟ್ನಿಪುಡಿ ತಪ್ಪದೆ ಒಯ್ಯಿರಿ. ನಾಲ್ಕನೇ ದಿನಕ್ಕೆ ಅದು ಚಿನ್ನ.

ಅಪ್ಪರ್ ಪಿಸಾಂಗ್‌ನಿಂದ ಹೊರಟರೆ ಎರಡು ದಾರಿ. ಕೆಳಗಿನದು ನದಿ ಪಕ್ಕದ ರಸ್ತೆ, ಸಲೀಸು. ಮೇಲಿನದು ಘ್ಯಾರುಗೆ ಏರುವ ಕಡಿದಾದ ದಾರಿ. ಅಂಕುಡೊಂಕು ಹತ್ತುತ್ತಲೇ ಇರಬೇಕು. ಮೇಲೆ ಊರಿನ ಬಾಗಿಲ ಹತ್ತಿರ ಮಣಿ ಗೋಡೆ, ಮಂತ್ರ ಕೆತ್ತಿದ ಕಲ್ಲುಗಳದ್ದು. ಅದನ್ನು ಯಾವಾಗಲೂ ಬಲಕ್ಕೆ ಇಟ್ಟುಕೊಂಡೇ ದಾಟಬೇಕು, ನಾವು ಪ್ರದಕ್ಷಿಣೆ ಹಾಕಿದ ಹಾಗೆ. ಎದುರಿಗೆ ಅನ್ನಪೂರ್ಣ 2 ಗೋಡೆಯಂತೆ ನಿಂತಿರುತ್ತೆ.

ಊರೆಲ್ಲ ಕಲ್ಲಿನ ಮನೆ, ಮಣ್ಣಿನ ಮಾಳಿಗೆ. ಒಂದು ಮನೆಯ ಮಾಳಿಗೆ ಮೇಲಿನ ಮನೆಗೆ ಅಂಗಳ. ಹತ್ತೋಕೆ ಏಣಿ ಅಂದ್ರೆ ಒಂದೇ ಮರದ ದಿಮ್ಮಿ, ಅದರಲ್ಲಿ ಕಾಲಿಡುವಷ್ಟು ಕಚ್ಚು ಕೊರೆದಿರುತ್ತಾರೆ. ಮಾಳಿಗೆಯ ಅಂಚಿಗೆ ಸುತ್ತಲೂ ಸೌದೆ ಒಟ್ಟಿರುತ್ತೆ. ಎಷ್ಟೋ ಮನೆಗಳಿಗೆ ಬೀಗ. ಮಕ್ಕಳೆಲ್ಲ ಕಠ್ಮಂಡುವಿನಲ್ಲೋ ಪರದೇಶದಲ್ಲೋ. ಮನಾಂಗ್ ಕಡೆಯವರು ಹಿಂದಿನ ಕಾಲದಿಂದಲೂ ವ್ಯಾಪಾರಸ್ಥರಂತೆ, ಬ್ಯಾಂಕಾಕ್, ಹಾಂಗ್‌ಕಾಂಗ್‌ವರೆಗೆ ಹೋಗಿ ಬಂದವರು. ಟೀ ಕೊಟ್ಟ ಅಜ್ಜಿಯ ಮನೆ ಗೋಡೆಯ ಮೇಲೆ ದಲೈ ಲಾಮಾ ಫೋಟೋ, ಪಕ್ಕದಲ್ಲಿ ಬ್ಯಾಂಕಾಕ್‌ನ ಕ್ಯಾಲೆಂಡರ್.

ಆ ಅಜ್ಜಿಯ ಅಡುಗೆಮನೆ ಮರೆಯೋಕೆ ಆಗಲ್ಲ. ನಡುವೆ ಒಲೆ, ಅದರ ಸುತ್ತ ಗೋಡೆಗೆ ಸಾಲಾಗಿ ತಾಮ್ರ, ಹಿತ್ತಾಳೆ ಪಾತ್ರೆಗಳು ಥಳಥಳ. ಹುರುಳಿ ಬಣ್ಣದ ಹಿಟ್ಟು ಕಲಸಿ ದಪ್ಪ ರೊಟ್ಟಿ ಬೇಯಿಸಿದರು. ಫಾಪರ್ ಅನ್ನುತ್ತಾರೆ, ಸ್ವಲ್ಪ ಕಹಿ. ಜೊತೆಗೆ ಬೆಣ್ಣೆ, ಉಪ್ಪು ಹಾಕಿದ ಟೀ. ಟೀ ಅಂದುಕೊಂಡು ಕುಡಿದರೆ ಗಂಟಲಲ್ಲಿ ಇಳಿಯಲ್ಲ, ಸಾರು ಅಂದುಕೊಂಡರೆ ಸೊಗಸಾಗಿರುತ್ತೆ. ಅಜ್ಜಿ ಭಾವನ ಮುಖ ನೋಡಿ ಗೈಡ್‌ಗೆ ಏನೋ ಹೇಳಿದರು. ಅವನು ನಗಲಿಲ್ಲ. ಬೆಳ್ಳುಳ್ಳಿ ಸೂಪು ಮಾಡಿಸಿಕೊಟ್ಟ. ಭಾವ ಅದರ ಜೊತೆ ಒಂದು ತಲೆನೋವಿನ ಮಾತ್ರೆ ನುಂಗಿ ಸರಿಯಾದರು.

ಡಾಕ್ಟ್ರಮ್ಮ:
ಒಂದು ನಿಮಿಷ. ಘ್ಯಾರುನಲ್ಲಿ ತಲೆನೋವಿನ ಮಾತ್ರೆ? ಅಂದ್ರೆ ಮನಾಂಗ್‌ಗೆ ಒಂದು ದಿನ ಮೊದಲೇ ತಲೆನೋವು ಇತ್ತಾ? ಮೊದಲ ಪೋಸ್ಟಿನಲ್ಲಿ ಮನಾಂಗ್‌ನಲ್ಲಿ ಶುರುವಾಯಿತು ಅಂತ ಬರೆದಿದ್ದೀರಿ.

ಕರಾವಳಿ ಕಾಗೆ:
ಸಿಕ್ಕಿಬಿದ್ದರು ಮಾರಾಯ್ರೆ! ಡಾಕ್ಟ್ರಮ್ಮ ಪೊಲೀಸ್ ಆಗಬೇಕಿತ್ತು.

ಅವಲಕ್ಕಿ:
ಒಂದು ದಿನ ಬಿಟ್ಟು ಬರೆಯುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಕೂತಿದ್ದೆ.

ಇತ್ತು. ಪಿಸಾಂಗ್ ರಾತ್ರಿಯಿಂದಲೇ ಇತ್ತು. ದಿನಾ ಸಂಜೆ ಗೈಡ್ ಊಟದ ಮೇಜಿನ ಹತ್ತಿರ ಬಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು: ತಲೆ ಹೇಗಿದೆ, ಹೊಟ್ಟೆ ಹೇಗಿದೆ, ನಿದ್ದೆ ಬಂತಾ, ಎಷ್ಟು ನೀರು ಕುಡಿದಿರಿ. ಭಾವ ದಿನಾ 'ಫಸ್ಟ್ ಕ್ಲಾಸ್' ಅನ್ನುತ್ತಿದ್ದರು. ಮಾತ್ರೆ ಜೇಬಿನಲ್ಲಿತ್ತು. ನನಗೆ ಗೊತ್ತಿತ್ತು. ನಾನೂ ಹೇಳಲಿಲ್ಲ. ಹೇಳಿದರೆ ಒಂದು ದಿನ ನಿಲ್ಲಿಸುತ್ತಾರೆ, ಒಂದು ದಿನ ನಿಂತರೆ ವಾಪಸ್ ವಿಮಾನ ತಪ್ಪುತ್ತೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಏಜೆನ್ಸಿ ಕೊಟ್ಟ ಪ್ಲಾನ್ 14 ದಿನದ್ದು. ಕೆಳಗಿನ ಹಳ್ಳಿಗಳಲ್ಲಿ ಮೂರು ದಿನ ನಡಿಗೆ ಇತ್ತು. ನಮಗೆ ರಜೆ ಸಿಕ್ಕಿದ್ದು ಕಡಿಮೆ. 11 ದಿನಕ್ಕೆ ಇಳಿಸಿ, ಜೀಪಿನಲ್ಲೇ ಚಾಮೆಗೆ ಹೋಗೋಣ ಅಂತ ಬರೆದು ಕಳಿಸಿದ್ದು ನಾನೇ. 'ಕೆಳಗೆ ಬರೀ ಗದ್ದೆ, ನಮ್ಮ ಕಡೆಯೂ ಇದೆ' ಅಂತ ಬೇರೆ ಸೇರಿಸಿದ್ದೆ. ಏಜೆನ್ಸಿಯವರು ಬೇಡ ಅಂದಿದ್ದರು. ಆ ಮೇಲ್ ಈಗಲೂ ಇದೆ, ನಿನ್ನೆ ರಾತ್ರಿ ಮತ್ತೆ ಓದಿದೆ.

ಮನಾಂಗ್‌ನಲ್ಲಿ ರೆಸ್ಟ್ ದಿನ ಎಲ್ಲರೂ ಗಂಗಾಪೂರ್ಣ ಹಿಮನದಿ ನೋಡುವ ಗುಡ್ಡಕ್ಕೆ ಹೋದೆವು. ಭಾವ ಬರಲಿಲ್ಲ. ವಾಪಸ್ ಬಂದಾಗ ಲಾಡ್ಜಿನ ಹಿಂದೆ ವಾಂತಿ ಮಾಡುತ್ತಿದ್ದರು. ಗೈಡ್ ಏನೂ ಕೂಗಾಡಲಿಲ್ಲ. ಅಂಗಳದ ಕಲ್ಲುಹಾಸಿನ ಮೇಲೆ ಚಾಕ್ ಚೂರಿನಿಂದ ಒಂದು ಗೆರೆ ಎಳೆದರು. ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಿರಿ ಅಂದರು. ಮೊದಲು ತಾವೇ ನಡೆದು ತೋರಿಸಿದರು. ಆಮೇಲೆ ನನ್ನಿಂದ ಮಾಡಿಸಿದರು. ಆಮೇಲೆ ಭಾವ. ಮೂರನೇ ಹೆಜ್ಜೆಗೆ ಗೆರೆ ಬಿಟ್ಟು ಪಕ್ಕಕ್ಕೆ ಹೋದರು. 'ಕಲ್ಲು ಏರುಪೇರಿದೆ' ಅಂದರು. ಇನ್ನೊಮ್ಮೆ ಮಾಡಿಸಿದರು. ಎರಡನೇ ಹೆಜ್ಜೆಗೇ ಗೈಡ್ ಭುಜ ಹಿಡಿದುಕೊಂಡರು. ಲಾಡ್ಜಿನ ಹುಡುಗನೊಬ್ಬ ಆಟ ಅಂದುಕೊಂಡು ಅವರ ಹಿಂದೆಯೇ ಆ ಗೆರೆ ಮೇಲೆ ಸಲೀಸಾಗಿ ನಡೆದುಹೋದ. ಆಗ ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು.

ಅಲ್ಲಿಂದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಳಿಯಬೇಕು ಅಂದಿದ್ದು ಗೈಡ್ ಒಬ್ಬರೇ ಅಲ್ಲ, ಅಲ್ಲಿನ ಡಾಕ್ಟರ್ ಕೂಡ. ಭಾವ ಇದನ್ನು ಯಾರಿಗೂ ಹೇಳಬೇಡ ಅಂದಿದ್ದರು.

ಡಾಕ್ಟ್ರಮ್ಮ:
ಬರೆದಿದ್ದಕ್ಕೆ ಥ್ಯಾಂಕ್ಸ್, ಇದು ಸುಲಭ ಅಲ್ಲ.

ನಡಿಗೆ ತಪ್ಪುವುದು ಮಿದುಳಿಗೆ ನೀರು ಸೇರುವುದರ ಗುರುತು. ತಲೆನೋವಿನ ಜೊತೆ ಅದು ಕಂಡರೆ ಒಂದು ರಾತ್ರಿ ಕಾದು ನೋಡೋಣ ಅನ್ನುವಂತಿಲ್ಲ. ಇನ್ನೊಂದು ತರಹದ್ದು ಪುಪ್ಪುಸಕ್ಕೆ ಸಂಬಂಧಿಸಿದ್ದು: ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಕಫದಲ್ಲಿ ನಸುಗೆಂಪು ನೊರೆ. ಎರಡಕ್ಕೂ ಮೊದಲ ಮದ್ದು ಇಳಿಯುವುದು. ನೀವು ಮನಾಂಗ್‌ನಿಂದ ಚಾಮೆಗೆ 800 ಮೀಟರ್‌ಗಿಂತ ಜಾಸ್ತಿ ಇಳಿದಿರಿ, ಅದೇ ಉಳಿಸಿತು. ಮರುದಿನ ಯಾಕ್ ಖರ್ಕಾಗೆ, ಅಂದ್ರೆ 4,000 ದ ಮೇಲಕ್ಕೆ ಹೋಗಿದ್ದರೆ ಅಲ್ಲಿ ಜೀಪೂ ಇಲ್ಲ, ಡಾಕ್ಟರೂ ಇಲ್ಲ.

ತಲೆನೋವಿನ ಮಾತ್ರೆ ನುಂಗುವುದು ತಪ್ಪಲ್ಲ. ನುಂಗಿದ್ದನ್ನು ಮುಚ್ಚಿಟ್ಟು ಮೇಲೆ ಹೋಗುವುದು ತಪ್ಪು. ಅಂದಹಾಗೆ ಸೀಸನ್‌ನಲ್ಲಿ ಮನಾಂಗ್‌ನ ಆ ಆಸ್ಪತ್ರೆಯಲ್ಲಿ ದಿನಾ ಮಧ್ಯಾಹ್ನ ಎತ್ತರದ ಕಾಯಿಲೆ ಬಗ್ಗೆ ಉಪನ್ಯಾಸ ಇರುತ್ತದೆ. ಹುಬ್ಬಳ್ಳಿಯವರು ತಪ್ಪಿಸಬೇಡಿ. ಬೆಳ್ಳುಳ್ಳಿ ಸೂಪಿನಿಂದ ಕಾಯಿಲೆ ಹೋಗುತ್ತದೆ ಅನ್ನೋಕೆ ಆಧಾರ ಕಡಿಮೆ. ಆದರೆ ಬಿಸಿ ನೀರಂತೂ ಒಳಗೆ ಹೋಗುತ್ತಲ್ಲ, ಕುಡಿಯಿರಿ.

ಕರಾವಳಿ ಕಾಗೆ:
ಒಂದು ಗಮನಿಸಿದಿರಾ? ಮೊದಲ ಪೋಸ್ಟಿನಲ್ಲಿ ಗೈಡ್ 'ಅವನು' ಆಗಿದ್ದ. ಈಗ 'ಅವರು' ಆಗಿದ್ದಾರೆ.

ಅವಲಕ್ಕಿ:
ನೀವು ಹೇಳಿದ ಮೇಲೆ ನೋಡಿಕೊಂಡೆ.

ಮೂರನೇ ಪಾಳಿ:
ಸರಿ, ಈ ಕೇಸಿನಲ್ಲಿ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಗೈಡ್ ಮಾಡಿದ್ದು ಸರಿ. ಆದರೆ ಒಂದು ಮಾತು. ರಸ್ತೆ ಇಲ್ಲದೆ ಹೋಗಿದ್ದರೆ ಈ ಅವಾಂತರವೇ ಆಗುತ್ತಿರಲಿಲ್ಲ. ಎಲ್ಲರೂ ಕೆಳಗಿನಿಂದ ನಡೆದೇ ಬರುತ್ತಿದ್ದರು, ದೇಹ ತಾನಾಗಿ ಒಗ್ಗಿಕೊಳ್ಳುತ್ತಿತ್ತು. ಮನಾಂಗ್‌ವರೆಗೆ ರಸ್ತೆ ಮಾಡಿ ಒಳ್ಳೆಯ ಚಾರಣದ ದಾರಿಯನ್ನು ಹಾಳು ಮಾಡಿದರು.

ಹಳೇ ಬೂಟು:
ಮೊದಲ ಸಲ ರಸ್ತೆ ನೋಡಿದಾಗ ನನಗೂ ಹಾಗೇ ಅನಿಸಿತ್ತು. ಧೂಳು, ಹಾರನ್ನು, ಹೊಟ್ಟೆ ಉರಿದುಹೋಯಿತು. ಆದರೆ ಅದೇ ರಸ್ತೆ ಭಾವನನ್ನು ಒಂದೇ ಸಂಜೆಯಲ್ಲಿ ಕೆಳಗಿಳಿಸಿತು ನೋಡಿ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಹಿಂದೆ ಬೆನ್ನ ಮೇಲೆ ಹೊತ್ತು ಇಳಿಯುತ್ತಿದ್ದರು ಅಲ್ಲಿ. ನಮಗೆ ಚಂದದ ನಡಿಗೆ ಬೇಕು ಅಂತ ಅವರು ಹೊರುತ್ತಲೇ ಇರಬೇಕಾ? ದಾರಿಯಲ್ಲಿ ಭ್ರತಾಂಗ್ ಹತ್ತಿರ ಸೇಬಿನ ತೋಟ ಎಷ್ಟು ದೊಡ್ಡದಾಗಿದೆ ಅಂತ ಅವಲಕ್ಕಿ ನೋಡಿರಬೇಕು. ಆ ಸೇಬು ಪೇಟೆಗೆ ಹೋಗುವುದು ಇದೇ ರಸ್ತೆಯಲ್ಲಿ.

ರಸ್ತೆ ತಪ್ಪಿಸಿ ನಡೆಯೋಕೆ ಬದಿಯಲ್ಲಿ ಬೇರೆ ಕಾಲುದಾರಿಗಳನ್ನೂ ಗುರುತು ಮಾಡಿದ್ದಾರೆ. ಕಲ್ಲಿನ ಮೇಲೆ, ಮರದ ಮೇಲೆ ಬಣ್ಣದ ಪಟ್ಟಿ ಇರುತ್ತೆ. ರಸ್ತೆ ಇದೆ ಅಂತ ಜೀಪೇ ಹತ್ತಬೇಕು ಅಂತೇನಿಲ್ಲ.

ಜೋಳದ ರೊಟ್ಟಿ:
ಪೋರ್ಟರ್‌ಗಳ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ಸಾಮಾನು ಇನ್ನೊಬ್ಬರ ಬೆನ್ನಿಗೆ ಹೇರೋಕೆ ನಮ್ಮಲ್ಲಿ ಇಬ್ಬರಿಗೆ ಮನಸ್ಸಿಲ್ಲ. ಟಿಪ್ಸ್ ಲೆಕ್ಕ ಹೆಂಗ?

ಹಳೇ ಬೂಟು:
ಮನಸ್ಸಿಲ್ಲ ಅಂತ ಬಿಟ್ಟರೆ ಅವರಿಗೆ ಕೆಲಸ ಹೋಗುತ್ತೆ. ಹೇರಿ, ಆದರೆ ಮಿತಿಯಲ್ಲಿ. ಇಬ್ಬರಿಗೆ ಒಬ್ಬ ಪೋರ್ಟರ್ ಅಂತ ವಾಡಿಕೆ. ಒಬ್ಬೊಬ್ಬರ ಬ್ಯಾಗು 10 ಕೆಜಿ ದಾಟಬಾರದು. ಮನೆಯಲ್ಲೇ ತೂಗಿ. ಹೇರ್ ಡ್ರೈಯರ್ ತಂದವರನ್ನು ನೋಡಿದ್ದೇನೆ.

ಹೊರಡುವ ದಿನ ಪೋರ್ಟರ್‌ಗಳ ಕಾಲು ನೋಡಿ. ಬೂಟು ಇದೆಯಾ, ಜಾಕೆಟ್ ಇದೆಯಾ, ಕಪ್ಪು ಕನ್ನಡಕ ಇದೆಯಾ. ಹಿಮದ ಮೇಲೆ ಕನ್ನಡಕ ಇಲ್ಲದಿದ್ದರೆ ಕಣ್ಣು ಸುಡುತ್ತೆ. ಬಹಳ ಜನ ಪೋರ್ಟರ್‌ಗಳು ತಗ್ಗಿನ ಹಳ್ಳಿಗಳ ರೈತರ ಮಕ್ಕಳು. ಎತ್ತರ ಅವರಿಗೂ ನಮ್ಮಷ್ಟೇ ಹೊಸದು, ಅವರಿಗೂ ತಲೆನೋವು ಬರುತ್ತೆ, ಕೂಲಿ ಹೋಗುತ್ತೆ ಅಂತ ಹೇಳಲ್ಲ. ಭಾವ ಹೇಳದ ಹಾಗೆಯೇ. ಅವರಿಗೆ ಇನ್ಶೂರೆನ್ಸ್ ಇದೆಯಾ ಅಂತ ಏಜೆನ್ಸಿಗೆ ಮೊದಲೇ ಬರೆದು ಕೇಳಿ. ಟಿಪ್ಸ್ ಅನ್ನು ಒಟ್ಟು ಮಾಡಿ ಗೈಡ್ ಕೈಗೆ ಕೊಡಬೇಡಿ, ಒಬ್ಬೊಬ್ಬರಿಗೂ ಬೇರೆ ಲಕೋಟೆ.

ಅವಲಕ್ಕಿ:
ಪೋರ್ಟರ್ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು. ನಮ್ಮ ಜೊತೆ ಇಳಿದ ಹುಡುಗನಿಗೆ 22 ಇರಬಹುದು. ಅವರಿಗೆ ಅದು ದಶೈಂ ಹಬ್ಬದ ಕಾಲ. ನಮ್ಮ ದಸರಾನೇ, ಆದರೆ ಅವರಿಗೆ ವರ್ಷದ ದೊಡ್ಡ ಹಬ್ಬ, ಎಲ್ಲರೂ ಊರಿಗೆ ಹೋಗಿ ಹಿರಿಯರ ಕೈಯಲ್ಲಿ ಟೀಕಾ ಹಾಕಿಸಿಕೊಳ್ಳುತ್ತಾರೆ. ಇವನು ನಮ್ಮ ಬ್ಯಾಗು ಹೊರೋಕೆ ಬಂದಿದ್ದ. ಚಾಮೆಯಲ್ಲಿ ಬೆಳಿಗ್ಗೆ ಲಾಡ್ಜಿನ ಅಮ್ಮ ಅಕ್ಕಿ, ಮೊಸರು, ಕುಂಕುಮ ಕಲಸಿ ಅವನ ಹಣೆಗೆ ದಪ್ಪಗೆ ಮೆತ್ತಿದರು. ಕಿವಿಗೆ ಹಳದಿ ಮೊಳಕೆ ಸಿಕ್ಕಿಸಿದರು. ಆಮೇಲೆ ನಮ್ಮಿಬ್ಬರಿಗೂ. ಭಾವ ಸಿಟ್ಟಿನಲ್ಲೇ ಹಣೆ ಒಡ್ಡಿದರು.

ಜೋಳದ ರೊಟ್ಟಿ:
ಅರೆ, ನಮ್ಮ ಕಡೆನೂ ಘಟ ಕೂಡಿಸಿ ಬೆಳೆದ ಸಸಿಯನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಳ್ತಾರಲ್ಲ! ಬನ್ನಿ ಕೊಡುವ ದಿನ. ನನ್ನ ಅಜ್ಜನ ನೆನಪಾಯಿತು.

ಹಳೇ ಬೂಟು:
ಅವಲಕ್ಕಿ, ಮೂಲ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ದುಡ್ಡು ಕೇಳುತ್ತೀರಾ?

ಅವಲಕ್ಕಿ:
ಒಂದು ವಾರ ಆಯಿತು. ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಈ ಚರ್ಚೆಯನ್ನೇ ಭಾವನ ಕೈಗೆ ಕೊಟ್ಟೆ. ಮೇಲಿನಿಂದ ಕೆಳಗೆ ಓದಿದರು, ಮಾತಾಡಲಿಲ್ಲ. ಎದ್ದು ಹೋಗಿ ಹಾಲ್‌ನ ಟೈಲ್ಸ್ ಗೆರೆ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಅಡುಗೆಮನೆವರೆಗೆ ನಡೆದು ವಾಪಸ್ ಬಂದರು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಅಕ್ಕ 'ಏನ್ರೀ ಇದು' ಅಂದರು. ಅಕ್ಕನಿಗೆ ಆ ಗೆರೆಯ ಕಥೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ, ಆಮೇಲೆ ಗೊತ್ತಾಯಿತು. ಆ ಭಾಗವನ್ನು ಇಲ್ಲಿ ಬರೆಯಲ್ಲ.

ದುಡ್ಡು ಕೇಳಲ್ಲ. ಅವತ್ತು ಮನಾಂಗ್‌ನಲ್ಲಿ ಸಿಟ್ಟಿನಲ್ಲಿ ಗೈಡ್‌ಗೆ ಟಿಪ್ಸ್ ಕೊಡದೆ ಜೀಪು ಹತ್ತಿದ್ದೆವು. ಇಬ್ಬರ ಪಾಲನ್ನೂ ಈಗ ಕಳಿಸುತ್ತಿದ್ದೇವೆ, ನಮ್ಮ ತಂಡದವನೊಬ್ಬ ಮುಂದಿನ ವಾರ ಕೆಲಸದ ಮೇಲೆ ಕಠ್ಮಂಡುವಿಗೆ ಹೋಗುತ್ತಿದ್ದಾನೆ, ಅವನ ಕೈಯಲ್ಲಿ. ಗೈಡ್‌ಗೆ ಭಾವನೇ ಮೆಸೇಜ್ ಮಾಡಿದರು. ಹರಕು ಹಿಂದಿಯಲ್ಲಿ, ಹತ್ತು ಸಲ ಅಳಿಸಿ ಬರೆದು. ಎರಡು ದಿನ ಉತ್ತರ ಇಲ್ಲ, ಮೇಲೆಲ್ಲೋ ನೆಟ್‌ವರ್ಕ್ ಇರಲಿಲ್ಲವಂತೆ. ಆಮೇಲೆ ಥೊರಾಂಗ್ ಲಾದ ಫಲಕದ ಫೋಟೋ ಬಂತು, ಕೆಳಗೆ ಒಂದೇ ಸಾಲು: 'ದಾಜು (ಅಣ್ಣ), ಇದು ಇಲ್ಲೇ ಇರುತ್ತೆ.'

ಮುಂದಿನ ಅಕ್ಟೋಬರ್‌ಗೆ ಭಾವ 16 ದಿನ ರಜೆ ಕೇಳಿದ್ದಾರೆ. ಕೆಳಗಿನಿಂದ ನಡಿಗೆ. ಅಕ್ಕನೂ ಬರುತ್ತಾಳಂತೆ, ಮಾತ್ರೆ ಡಬ್ಬಿ ಅವಳ ಬ್ಯಾಗಿನಲ್ಲೇ ಇರಬೇಕು ಅನ್ನುವ ಷರತ್ತಿನ ಮೇಲೆ.

ಕರಾವಳಿ ಕಾಗೆ:
ವಾಪಸ್ ಟಿಕೆಟ್ ಬುಕ್ ಮಾಡಿದಿರಾ?

ಅವಲಕ್ಕಿ:
ಇಲ್ಲ. ಇಳಿದ ಮೇಲೆ ಮಾಡುತ್ತೇವೆ.